ಬಡಗಣ ಇಳಿಜಾರಿನಲ್ಲಿ ಏನೂ ಇಲ್ಲ

ಶೈಲಾಳಿಗೆ ಅಣಬೆಯ ಹುಚ್ಚು ಹಿಡಿದದ್ದು ಕಾಲೇಜಿನಲ್ಲಲ್ಲ, ಗುಡ್ಡದ ಬುಡದ ಹುಣಸೆಮರದ ಕೆಳಗೆ. ಆಗ ಅವಳಿಗೆ ಐದೋ ಆರೋ ವರ್ಷ. ಮುಂಗಾರಿನ ಮಿರಗದ ಮಳೆ ಬಿದ್ದು, ಗುಡುಗು ಸಿಡಿಲು ಅಬ್ಬರಿಸಿ ಹೋದ ಮೂರನೆಯ ದಿನ ಮುಂಜಾನೆ ಅವ್ವ ಹೊಳಿಯವ್ವ ಬುಟ್ಟಿ ಹಿಡಿದು ಹೊರಟರೆ ಬೆನ್ನ ಹಿಂದೆ ಇವಳು. ಆದರೆ ಹುಣಸೆಮರದ ತನಕ ಮಾತ್ರ.

"ಇಲ್ಲೇ ಕುಂದ್ರು. ಹಿಂದ ಬಂದ್ಯಂದ್ರ ಹಾವು ಕಡೀತೈತಿ" ಎಂದು ಹೇಳಿ ಅವ್ವ ಒಬ್ಬಳೇ ಗುಡ್ಡ ಹತ್ತುತ್ತಿದ್ದಳು. ಒಂದು ತಾಸಿಗೆ ಮುತ್ತಲ ಎಲೆ ಮುಚ್ಚಿದ ಬುಟ್ಟಿಯೊಂದಿಗೆ ಇಳಿದು ಬರುತ್ತಿದ್ದಳು. ಎಲೆ ಸರಿಸಿದರೆ ಅಂಗೈ ಅಗಲದ ಬಿಳಿ ಕೊಡೆಗಳು, ನಡುವೆ ಕಂದು ಮೊನೆ, ಬುಡಕ್ಕೆ ಮೊಳದುದ್ದದ ಬೇರು. ಮನೆಯಲ್ಲಿ ಅದಕ್ಕೆ ದೊಡ್ಡಣಬಿ ಎಂದು ಹೆಸರು. ಹುತ್ತದೊಳಗಿಂದ ಏಳುವ ಅಣಬೆ ಅದು, ವರ್ಷಕ್ಕೆ ನಾಲ್ಕೈದು ದಿನ ಎದ್ದರೆ ಹೆಚ್ಚು. ಬ್ಯಾಡಗಿ ಮೆಣಸಿನಕಾಯಿ ಖಾರ ಹಾಕಿ ಅವ್ವ ಪಲ್ಯ ಮಾಡಿದಳೆಂದರೆ ಅಪ್ಪ ಮಾಲತೇಶಪ್ಪ ಎರಡು ರೊಟ್ಟಿ ಹೆಚ್ಚಿಗೆ ಉಣ್ಣುತ್ತಿದ್ದ.

"ಅಲ್ಲಿ ದೊಡ್ಡದೊಂದು ಐತಿ" ಎಂದು ಶೈಲಾ ಬುಟ್ಟಿಯತ್ತ ಬೆರಳು ಚಾಚಿದರೆ ಮಾತ್ರ ಅವ್ವನ ಪೆಟ್ಟು ಕೈಮೇಲೆ ಬೀಳುತ್ತಿತ್ತು. ಅಣಬೆಯನ್ನು ನೆಟ್ಟ ಬೆರಳಿನಿಂದ ತೋರಿಸಬಾರದು, ತೋರಿಸಿದರೆ ಅದು ಮುದುಡುತ್ತದೆ, ಮುಂದಿನ ವರ್ಷ ಆ ಜಾಗದಲ್ಲಿ ಏಳುವುದಿಲ್ಲ. ಬೆರಳು ಮಡಚಿ ಗೆಣ್ಣಿನಿಂದ ತೋರಿಸಬೇಕು, ಇಲ್ಲವೇ ಗದ್ದದಿಂದ. ಶೈಲಾ ಅದನ್ನು ಎಷ್ಟು ಚೆನ್ನಾಗಿ ಕಲಿತಳೆಂದರೆ, ಈಗ ಮೂವತ್ತೈದು ದಾಟಿದ ಮೇಲೂ, ರಾಣೆಬೆನ್ನೂರಿನ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುವಾಗ, ಅಣಬೆಯ ಪಾಠ ಬಂದರೆ ಹಲಗೆಯ ಚಿತ್ರವನ್ನು ಗೆಣ್ಣಿನಿಂದಲೇ ತೋರಿಸುತ್ತಿದ್ದಳು. ವಿದ್ಯಾರ್ಥಿಗಳು ಮುಸಿಮುಸಿ ನಗುತ್ತಿದ್ದರು. ನಗಲಿ ಬಿಡಿ.

ತವರೂರು ಗುಡ್ಡದಹಾಳ ದೇವರಗುಡ್ಡದ ಕಡೆಗೆ ಹೋಗುವ ಬಸ್ಸಿನಲ್ಲಿ ಅರ್ಧ ತಾಸಿನ ದಾರಿ. ಮೂರು ವರ್ಷದ ಹಿಂದೆ ಅಲ್ಲಿನ ಪಂಚಾಯಿತಿಯವರು ಊರಿನ ಜೀವವೈವಿಧ್ಯದ ದಾಖಲೆ ಪುಸ್ತಕ ಮಾಡಿಸಲು ಹೊರಟರು. ಗಿಡ ಬರೆಸಿದರು, ಹಕ್ಕಿ ಬರೆಸಿದರು, ಕುರಿಯ ತಳಿ ಬರೆಸಿದರು. ಶೈಲಾ ಹೋಗಿ ಅಣಬೆ ಎಂದಾಗ ಪಂಚಾಯಿತಿ ಅಧ್ಯಕ್ಷ ಕರಬಸಪ್ಪ ನಕ್ಕುಬಿಟ್ಟ. "ನಾಯಿಕೊಡಿ ಬರಿತೀರೇನ್ರಿ ಅಕ್ಕಾರ? ಬರೀರಿ, ಹಾಳಿ ಖಾಲಿ ಅದಾವ" ಎಂದ. ಇವಳು ಬರೆದಳು.

ಮೂರು ಮಳೆಗಾಲದ ಪ್ರತಿ ರವಿವಾರ ತವರಿಗೆ ಬಂದು ಅವ್ವನೊಂದಿಗೆ, ಬಡಗಣ ಇಳಿಜಾರೊಂದನ್ನು ಬಿಟ್ಟು, ಗುಡ್ಡವೆಲ್ಲ ತಿರುಗಿದಳು. ಕಮರ ಮರದ ಒಣಕೊಂಬೆಗೆ ಕಿವಿಯಂತೆ ಅಂಟಿಕೊಂಡದ್ದು, ಒತ್ತಿದರೆ ಹೊಗೆ ಬಿಡುವ ಉಂಡೆ, ಅಕ್ಕಿ ಚೆಲ್ಲಿದಂತೆ ಏಳುವ ಅಕ್ಕಿ ಅಣಬೆ, ಸೆಗಣಿ ಕೊಳೆತಲ್ಲಿ ಎದ್ದು ಮಧ್ಯಾಹ್ನಕ್ಕೆ ಮಸಿಯಾಗಿ ಕರಗುವುದು. ಪ್ರತಿಯೊಂದರ ಅಳತೆ, ವಾಸನೆ, ಮುರಿದಾಗಿನ ಬಣ್ಣ, ಯಾವ ಮರದ ಬುಡ, ಯಾವ ಮಳೆ. ಅವ್ವ ಗದ್ದ ಎತ್ತಿ ತೋರಿಸುವಳು, ಮಗಳು ಮಂಡಿಯೂರಿ ಬರೆಯುವಳು. "ಹೇಳಿದವರು" ಎಂಬ ಕಾಲಮಿನಲ್ಲಿ ಪ್ರತಿ ಹಾಳೆಯಲ್ಲೂ ಹೊಳಿಯವ್ವನ ಹೆಸರು.

ಮನೆಗೆ ಬಂದ ಮೇಲೆ ಅಚ್ಚು ತೆಗೆಯುವ ಕೆಲಸ. ಅಣಬೆಯ ದೇಟು ಕತ್ತರಿಸಿ, ಕೊಡೆಯನ್ನು ಗೆರೆಗಳ ಮಗ್ಗಲು ಕೆಳಗಾಗುವಂತೆ ಕಾಗದದ ಮೇಲಿಟ್ಟು ಬಟ್ಟಲು ಮುಚ್ಚಿಬಿಟ್ಟರೆ, ಮರುದಿನ ಎತ್ತುವಷ್ಟರಲ್ಲಿ ಅದರ ಬೀಜದ ಹುಡಿ ಉದುರಿ ಕಾಗದದ ಮೇಲೆ ಚಕ್ರದ ಅಚ್ಚು ಮೂಡಿರುತ್ತದೆ. ಮೇಲೆ ಎಲ್ಲವೂ ಬೆಳ್ಳಗಿದ್ದರೂ ಹುಡಿಯ ಬಣ್ಣ ಸುಳ್ಳು ಹೇಳುವುದಿಲ್ಲ. ದನ ಮಲಗುವ ಹಕ್ಕೆಯ ಬಳಿ ಏಳುವ ಒಂದು ಚೆಂದದ ಬಿಳಿ ಅಣಬೆ ಹಸಿರು ಅಚ್ಚು ಬಿಟ್ಟಿತ್ತು. ಹೊಳಿಯವ್ವ ಅದನ್ನು ನೋಡಿ ಗಲ್ಲಕ್ಕೆ ಕೈ ಹಚ್ಚಿದಳು.

"ಅಯ್ಯ, ಇದರ ಹೊಟ್ಯಾಗ ಹಸರು ವಿಷ ಐತಿ ನೋಡ! ನಮ್ಮತ್ತಿ ಇದನ್ನ ಉಣಬ್ಯಾಡ ಅಂತಿದ್ಲು, ಯಾಕಂತ ಹೇಳಿರ್ಲಿಲ್ಲ. ಇವತ್ತ ತಿಳೀತು."

ಆ ದಿನ ಶೈಲಾಳಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಅವ್ವನ ಅರಿವಿಗೂ ತನ್ನ ಓದಿಗೂ ಗಂಟು ಬಿದ್ದಂತಾಗಿತ್ತು. ಆ ಸಲಿಗೆಯಲ್ಲೇ ಅವಳು ಕೇಳಿದಳು, "ಅವ್ವ, ದೊಡ್ಡಣಬಿ ಎಲ್ಲೇಳತೈತಿ? ಅದೊಂದ ಬರೀದ ಉಳದೈತಿ. ಅದರ ಅಚ್ಚು ನಸುಗುಲಾಬಿ ಇರತೈತಂತ. ನಮ್ಮ ಗುಡ್ಡದಾಗ ಆ ಬಣ್ಣದ್ದು ಮತ್ಯಾವುದೂ ಇಲ್ಲ."

ಹೊಳಿಯವ್ವ ಬಟ್ಟಲು ತೊಳೆಯುತ್ತಿದ್ದವಳು ತಲೆ ಎತ್ತಲಿಲ್ಲ. "ಅದೆಲ್ಲೈತವ್ವ ಈಗ? ನಿಮ್ಮಪ್ಪ ತೀರಿದ ವರ್ಷದಿಂದ ಅದು ಎದ್ದ ಇಲ್ಲ."

"ಬಡಗಣ ಬಾಜೂಕ ನಾವು ಹೋಗೇ ಇಲ್ಲಲ್ಲ?"

"ಅಲ್ಲೇನೈತಿ? ಬರೇ ಜಾಲಿ, ಹಾವಿನ ಹುತ್ತ. ಏನೂ ಇಲ್ಲ ಅಂತ ಬರಿ. ನೀ ಅತ್ಲಾಗ ಹೋಗಬ್ಯಾಡ."

"ದೇವರಗುಡ್ಡದ ಮಾಲತೇಶನ ಆಣಿಗೂ ಇಲ್ಲ?"

"ಅಣಬಿಗೆಲ್ಲಾ ದೇವರ ಆಣಿ ಹಾಕ್ತಾರೇನ, ಹುಚ್ಚಿ!" ಎಂದು ಅವ್ವ ನಕ್ಕಳು.

ಐದು ವರ್ಷದ ಹಿಂದೆ ಅಪ್ಪ ತೀರಿಹೋದಾಗಿನಿಂದ ಎದ್ದಿಲ್ಲ ಎಂಬ ಮಾತು ಶೈಲಾಳ ಕರುಳಿಗೆ ತಾಗಿತು. ಬಸ್ಸಿನಲ್ಲಿ ಕಿಟಕಿಗೆ ಮುಖ ಮಾಡಿ ಅತ್ತಳು. ವಿದ್ಯಾರ್ಥಿಗಳಿಗೆ ನೂರು ಸಲ ಹೇಳಿದ್ದಳು, ಕಾಲಿಟ್ಟು ನೋಡದ ಜಾಗದ ಬಗ್ಗೆ ಒಂದಕ್ಷರ ಬರೆಯಬೇಡಿ ಎಂದು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುವ ಗಾದೆಯನ್ನು ಅವಳಷ್ಟು ಸಲ ಯಾರೂ ಹೇಳಿರಲಿಕ್ಕಿಲ್ಲ. ಆದರೆ ಹೇಳಿದವಳು ಹೆತ್ತ ತಾಯಿ. ತಾಯಿಯ ಮಾತನ್ನು ಪ್ರಮಾಣಿಸಿ ನೋಡುವ ಮಗಳು ಈ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ದಾಖಲೆಯ ಕೊನೆಯ ಹಾಳೆಯಲ್ಲಿ ತನ್ನ ದುಂಡನೆಯ ಅಕ್ಷರದಲ್ಲಿ ಬರೆದಳು: "ದೊಡ್ಡಣಬಿ: ಐದು ವರ್ಷದಿಂದ ಕಂಡಿಲ್ಲ. ಬಡಗಣ ಇಳಿಜಾರಿನಲ್ಲಿ ಏನೂ ಇಲ್ಲ." ಕೆಳಗೆ ಸಹಿ. ಚಳಿಗಾಲದಲ್ಲಿ ಪುಸ್ತಕ ಹಾವೇರಿಗೆ ಹೋಯಿತು, ಒಂದು ಪ್ರತಿ ಪಂಚಾಯಿತಿಯಲ್ಲಿ ಉಳಿಯಿತು.

ಈ ವರ್ಷ ಮಿರಗ ಚೆನ್ನಾಗಿ ಹಿಡಿಯಿತು. ಆಷಾಢ ಹತ್ತಿರವಿದ್ದಾಗ ಒಂದು ಬುಧವಾರ ಕಾಲೇಜಿಗೆ ಸೂಟಿ ಇತ್ತು. ಶೈಲಾ ಫೋನು ಮಾಡದೆ ತವರಿಗೆ ಬಂದಳು. ಮಗಳು ತವರಿಗೆ ಬರಲು ಹೇಳಿ ಕಳಿಸಬೇಕೇ? ಅವತ್ತು ಬೇಕಿತ್ತೆಂದು ಕಾಣುತ್ತದೆ. ಅಂಗಳಕ್ಕೆ ಕಾಲಿಡುತ್ತಲೇ ತಮ್ಮ ವೀರೇಂದ್ರನ ಹೆಂಡತಿ ಅಂಜಲಿ ಒಲೆಯ ಮೇಲಿನ ಬೋಗುಣಿಯನ್ನು ಇಳಿಸಿ ಹಿತ್ತಿಲಿಗೆ ಒಯ್ದಳು.

"ಏನದು ಅಂಜಲಿ?"

"ಬದನಿಕಾಯಿ ಪಲ್ಯಾರಿ ಅಕ್ಕಾ, ತಳಾ ಹತ್ತಿತ್ತು" ಎಂದಳು ಅಂಜಲಿ. ಅವಳಿಗೆ ಸುಳ್ಳು ಹೇಳಲು ಬರುವುದಿಲ್ಲ, ಕಿವಿ ಕೆಂಪಾಗುತ್ತದೆ. ಶೈಲಾ ಅದನ್ನು ಗಮನಿಸಿಯೂ ಗಮನಿಸದವಳಂತೆ ಇದ್ದಳು.

ದಾರಿಯಲ್ಲಿ ಸಿಕ್ಕ ಎರಡು ಸಣ್ಣ ಅಣಬೆ ಅವಳ ಕೈಯಲ್ಲಿದ್ದವು. ಸುತ್ತಿಡಲು ಕಾಗದ ಬೇಕಿತ್ತು. ಅಡುಗೆಮನೆಯ ಗೋಡೆಯ ಮಾಡದಲ್ಲಿ ಮಡಚಿಟ್ಟ ಪೇಪರಿನ ಹಾಳೆಯೊಂದನ್ನು ಎಳೆದಳು. ಬಿಚ್ಚಿದಳು.

ಹಾಳೆಯ ತುಂಬ ಚಕ್ರಗಳು. ಐದು. ಅಂಗೈ ಅಗಲದವು. ನಡುವಿನಿಂದ ಅಂಚಿಗೆ ಕೂದಲೆಳೆಯಂಥ ಗೆರೆಗಳು, ಅಕ್ಷರಗಳ ಮೇಲೆ ತೆಳ್ಳಗೆ ಹರಡಿದ ನಸುಗುಲಾಬಿ ಹುಡಿ. ಕಿತ್ತು ತಂದ ಕೊಡೆಗಳನ್ನು ಯಾರೋ ಹಾಗೆಯೇ ಕಾಗದದ ಮೇಲೆ ಹರವಿಟ್ಟು ಮಲಗಿದ್ದರು, ಬೆಳಗಿನ ತನಕ ಅವು ತಮ್ಮ ಹೆಸರನ್ನು ತಾವೇ ಬರೆದುಕೊಂಡಿದ್ದವು. ಶೈಲಾ ಹಾಳೆಯ ತಲೆಯಲ್ಲಿದ್ದ ತಾರೀಕು ನೋಡಿದಳು. ಮೊನ್ನೆ ಸೋಮವಾರದ್ದು.

ಅವಳಿಗೆ ಮೊದಲು ಬಂದದ್ದು ಸಂತೋಷ. ಹುಚ್ಚು ಸಂತೋಷ. ಇದೆ, ಇನ್ನೂ ಇದೆ! ಆಮೇಲೆ ಅವ್ವ ಬಟ್ಟಲು ತೊಳೆಯುತ್ತ ಹೇಳಿದ್ದ ಮಾತು ನೆನಪಾಯಿತು.

ಹಿತ್ತಿಲಿನಿಂದ ಬಂದ ಹೊಳಿಯವ್ವ ಮಗಳ ಕೈಯ ಹಾಳೆ ನೋಡಿ ಅಲ್ಲೇ ನಿಂತಳು.

"ಅದಾ? ಕುಂಕುಮ ಚೆಲ್ಲಿರಬೇಕು."

"ಅವ್ವ," ಎಂದಳು ಶೈಲಾ, "ಅಚ್ಚು ನೋಡೂದು ನಿನಗ ಕಲಿಸಿದಾಕಿ ನಾನ."

ಹೊಳಿಯವ್ವ ಕುಕ್ಕರಗಾಲಿನಲ್ಲಿ ಕೂತಳು. ಸಿಕ್ಕಿಬಿದ್ದ ಮೇಲೆ ಅವಳು ತಪ್ಪಿಸಿಕೊಳ್ಳುವ ಜಾತಿಯಲ್ಲ. "ಹೌದು, ಏಳತೈತಿ. ಪ್ರತಿ ವರ್ಷ ಏಳತೈತಿ. ಏನೀಗ?"

"ಅಪ್ಪ ತೀರಿದ ವರ್ಷದಿಂದ ಎದ್ದಿಲ್ಲ ಅಂದಿದ್ದಿ."

"ಅಂದಿದ್ನಿ."

"ಅಂಜಲಿಗೆ ಜಾಗ ಗೊತ್ತೈತಿ?"

 ಬಾಗಿಲಲ್ಲಿ ನಿಂತಿದ್ದ ಅಂಜಲಿಯ ಕಿವಿಗಳೇ ಉತ್ತರ ಕೊಟ್ಟವು.

"ಹುತ್ತದ ಗುರ್ತು ಸೊಸಿಗೆ ಹೇಳಬೇಕು, ಮಗಳಿಗೆ ಹೇಳಬಾರದು" ಎಂದಳು ಹೊಳಿಯವ್ವ. "ನಮ್ಮತ್ತಿ ನನಗ ಹೇಳಿದ್ಲು, ತನ್ನ ಮಗಳಿಗೆ ಹೇಳಲಿಲ್ಲ. ಈ ಮನಿ ತುತ್ತು ಈ ಮನ್ಯಾಗ ಉಳೀಬೇಕು. ಮಗಳು ಕೊಟ್ಟ ಮನಿಯಾಕಿ."

"ನಾ ಕೀಳಾಕ ಕೇಳಿದ್ನೇನ? ಬರೀಲಾಕ ಕೇಳಿದ್ನಿ."

"ಬರದ್ರ ಊರಿಗೆಲ್ಲಾ ಗೊತ್ತಾಗ್ತೈತಿ. ನಾಳೆ ಚೀಲಾ ತಗೊಂಡು ಬರ್ತಾರ, ಹುತ್ತಾ ಅಗೀತಾರ."

"ಜಾಗ ಬರೀಬ್ಯಾಡ ಅಂದಿದ್ರ ಬರೀತಿರ್ಲಿಲ್ಲ ಅವ್ವ. ನನ್ನ ಒಮ್ಮೆ ಕರಕೊಂಡು ಹೋಗಬೇಕಿತ್ತು. ಅಷ್ಟ. ಈಗರ ಕರಕೊಂಡು ಹೋಗು."

ಶೈಲಾ ಎದ್ದು ನಿಂತು ಕಾದಳು. ಇಡೀ ಜನ್ಮದಲ್ಲಿ ಅವ್ವನಿಂದ ಅವಳು ಬಯಸಿದ್ದು ಅದೊಂದೇ, ಹುಣಸೆಮರದಿಂದ ಮುಂದೆ, ಆ ಹುತ್ತದ ತನಕ ಕರೆದೊಯ್ಯುವುದು. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂದು ಗಾದೆ ಕಟ್ಟಿದವರು ಯಾರೋ, ಅವರ ಬಾಯಿಗೆ ಮಣ್ಣು ಹಾಕಬೇಕು. ಹೊಳಿಯವ್ವ ತಲೆ ಅಲ್ಲಾಡಿಸಿದಳು. ಇಲ್ಲ.

"ರೊಟ್ಟಿ ಉಂಡು ಹೋಗು" ಎಂದಳಷ್ಟೆ.

"ಬದನಿಕಾಯಿ ಪಲ್ಯಾ ನೀವ ಉಣ್ರಿ" ಎಂದು ಶೈಲಾ ಹಾಳೆಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಹೊರಬಿದ್ದಳು.

ಹುಣಸೆಮರದ ಕೆಳಗೆ ಬಸ್ಸು ಬರುವ ತನಕ ಕೂತಿದ್ದಳು. ಬಡಗಣ ಇಳಿಜಾರು ಎದುರಿಗೇ ಇತ್ತು, ಹಸಿರು ಜಾಲಿ, ನಡುವೆ ಕಗ್ಗಲಿ ಮರಗಳು. ಏಳು ನಿಮಿಷದ ಏರು. ಹತ್ತಿ ಹುಡುಕಿದ್ದರೆ ಸಿಗುತ್ತಿತ್ತು. ಆದರೆ ಕಳ್ಳಿಯಂತೆ ಹೋಗಿ ನೋಡುವುದಕ್ಕೆ ಅವಳ ಅಭಿಮಾನ ಒಪ್ಪಲಿಲ್ಲ. ತೋರಿಸಬೇಕಾದವಳು ಅವ್ವ. ಮೂರು ವರ್ಷ, ನಲವತ್ತೊಂದು ಹಾಳೆ, ಪ್ರತಿ ಹಾಳೆಯಲ್ಲೂ ಅವ್ವನ ಹೆಸರು. ಅಷ್ಟು ದಿನವೂ ಅವ್ವ ಕಿವಿಗೆ ಹೂ ಇಟ್ಟಿದ್ದಳು. ಅದಕ್ಕೆ ಸತ್ತ ಅಪ್ಪನನ್ನೂ ಬಳಸಿಕೊಂಡಿದ್ದಳು. 

ಶುಕ್ರವಾರ ಕಾಲೇಜಿನಲ್ಲಿ ಪಾಠ ಮುಗಿಸಿ ಬರುವಾಗ ಫೋನು ಬಂತು. ಕರಬಸಪ್ಪ.

"ಅಕ್ಕಾರ, ಹೊಲದ ರಸ್ತೇಕ ಹಾಕಾಕ ಗರಸು ಮಣ್ಣು ಬೇಕಾಗೈತ್ರಿ. ಗುಡ್ಡದ ಬಡಗಣ ಬಾಜೂಕ ತಗೀಬೇಕಂತ ಮಾಡೇವಿ. ದಾಖಲೆ ತಗದು ನೋಡಿದ್ವಿ. ಅಲ್ಲಿ ಏನೂ ಇಲ್ಲಂತ ನೀವ ಬರದೀರಿ. ಏನರ ಇದ್ರ ಹೇಳ್ರಿ, ತೆಂಕಣ ಬಾಜೂಕ ತಗೀತೀವಿ. ನಮಗೆರಡೂ ಅಷ್ಟ. ಖರೇ ಏನೂ ಇಲ್ಲೇನ್ರಿ?"

ಕರಬಸಪ್ಪ ಒಳ್ಳೆಯವನು. ನಕ್ಕಿದ್ದವನೇ ಇವತ್ತು ಹಾಳೆ ತೆಗೆದು ಓದಿ, ಓದಿದ ಮೇಲೂ ಕೇಳುತ್ತಿದ್ದ. ಒಂದು ಸಹಿ ಇಷ್ಟು ಮರ್ಯಾದೆ ಪಡೆಯುವುದು ಅಪರೂಪ. ಶೈಲಾಳ ಹೆಗಲ ಮೇಲಿನ ಚೀಲದಲ್ಲಿ ಆ ಹಾಳೆ ಇತ್ತು. ಮಡಿಕೆ ಕೂಡ ಬಿಚ್ಚಿರಲಿಲ್ಲ. ಅದು ಎಲ್ಲಿಂದ ಬಂದದ್ದೆಂದು ಯಾರೂ ಹೇಳದಿದ್ದರೂ ಅವಳಿಗೆ ಈಗ ಗೊತ್ತಿತ್ತು. ಎತ್ತ ಹೋಗಬೇಡ ಎಂದಿದ್ದಳೋ ಅತ್ತಲೇ ಅವ್ವನ ಹುತ್ತ.

ಒಂದು ವಾರ ತಡೀರಿ ಎಂದಿದ್ದರೆ ಸಾಕಿತ್ತು. ಆ ಮಾತು ನಾಲಿಗೆಯ ತುದಿಗೆ ಬಂದಿತ್ತು ಕೂಡ. ಅಷ್ಟರಲ್ಲಿ ಅಂಜಲಿಯ ಕೆಂಪು ಕಿವಿ ನೆನಪಾಯಿತು. ನಾಲ್ಕು ವರ್ಷದ ಹಿಂದೆ ಬಂದವಳು. ಅವಳು ಹುಣಸೆಮರ ದಾಟಿ ಹೋಗುತ್ತಾಳೆ.

"ಹೌದ್ರಿ" ಎಂದಳು ಶೈಲಾ. "ನಮ್ಮವ್ವ ಹೇಳಿದ್ದನ್ನ ಬರದೇನಿ. ಏನೂ ಇಲ್ಲ."

ಫೋನು ಇಟ್ಟಳು.  ತಿರುಗಿ ಫೋನು ಮಾಡಬಹುದಿತ್ತು. ಶನಿವಾರ ಮಾಡಬಹುದಿತ್ತು, ರವಿವಾರ, ಸೋಮವಾರ. ಪ್ರತಿದಿನವೂ ಇವತ್ತು ಮಾಡುತ್ತೇನೆ ಎಂದುಕೊಂಡಳು. ಗಂಡ ಸುಭಾಷ, "ಯಾಕ, ಮೈಯಾಗ ಹುಷಾರಿಲ್ಲೇನ?" ಎಂದು ಕೇಳಿದ್ದಕ್ಕೆ ತಲೆನೋವು ಎಂದಳು. ಅವ್ವನೇ ಬಾಯಿಬಿಟ್ಟು ಹೇಳಲಿ, ಪಂಚಾಯಿತಿಗೆ ಹೋಗಿ ನಾನು ಮಗಳಿಗೆ ಸುಳ್ಳು ಹೇಳಿದ್ದೆ ಎನ್ನಲಿ, ಆಮೇಲೆ ನೋಡೋಣ ಎಂಬುದು ಅವಳ ಹಟ. ಆದರೆ ಗರಸು ತೆಗೆಯುವ ಸಂಗತಿ ಅವ್ವನಿಗೆ ಗೊತ್ತೇ ಇಲ್ಲ ಎಂಬುದೂ ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಮರುವಾರದ ಗುರುವಾರ ಅಂಜಲಿ ಫೋನು ಮಾಡಿದಳು. "ಅಕ್ಕಾ, ಲಗೂನ ಬರ್ರಿ. ನಿನ್ನೆ ಜೇಸಿಬಿ ಬಂದಿತ್ತು. ನಾವು ಕಾಗಿನೆಲಿಗೆ ಹೋಗಿದ್ವಿ, ಬಂದು ನೋಡೂದ್ರಾಗ ಎಲ್ಲಾ ಮುಗದಿತ್ತು. ಅತ್ತಿ ನಿನ್ನೆಯಿಂದ ಉಣವಲ್ರು. ನಿಮ್ಮನ್ನ ಕರೀ ಅಂತಾರ."

ಶೈಲಾ ಬಸ್ಸಿಳಿದಾಗ ಹೊಳಿಯವ್ವ ಹುಣಸೆಮರದ ಕೆಳಗೆ ನಿಂತಿದ್ದಳು. ಕೈಯಲ್ಲಿ ಬುಟ್ಟಿ ಇರಲಿಲ್ಲ. ಮಗಳನ್ನು ನೋಡಿ "ಬಾ" ಎಂದು ತಿರುಗಿ ಗುಡ್ಡ ಹತ್ತತೊಡಗಿದಳು. ಶೈಲಾ ಹಿಂಬಾಲಿಸಿದಳು. ಮೂವತ್ತು ವರ್ಷ ಕಾದಿದ್ದ ದಾರಿ ಅದು. ಜಾಲಿಮುಳ್ಳು ಸೀರೆಗೆ ಸಿಕ್ಕಿದರೆ ಅವ್ವ ನಿಂತು ಬಿಡಿಸಿ ಕೊಟ್ಟಳು, ಮತ್ತೆ ನಡೆದಳು.

ಅರ್ಧ ದಾರಿಯಲ್ಲಿ ಹೊಳಿಯವ್ವ ಬೆನ್ನು ತಿರುಗಿಸಿಕೊಂಡೇ ಮಾತಾಡಿದಳು. "ಕರಬಸಪ್ಪನ ಕೇಳಿದ್ನಿ. ನಿಮ್ಮ ಮಗಳಿಗೆ ಫೋನ್ ಮಾಡಿ ಕೇಳೇ ಮಾಡೇನವ್ವಾ ಅಂದ. ಶುಕ್ಕರವಾರ ಮಾಡಿದ್ನಂತ?"

"ಹೂಂ."

"ಬುಧವಾರ ನೀ ಆ ಕಾಗದಾ ಒಯ್ದಿದ್ದಿ."

"ಹೂಂ ಅವ್ವ."

 ಅವ್ವ ಬೈಯಲಿ, ಕೂದಲು ಹಿಡಿದು ಹೊಡೆಯಲಿ ಎಂದು ಶೈಲಾಳಿಗೆ ಅನಿಸಿತು. ನೀನು ಮೊದಲು ಮೋಸ ಮಾಡಿದೆ ಎಂಬ ಮಾತನ್ನು ಅವಳು ಬಸ್ಸಿನುದ್ದಕ್ಕೂ ಸಿದ್ಧಮಾಡಿಕೊಂಡು ಬಂದಿದ್ದಳು. 

"ನಾ ನಿನ್ನ ಮುಂದ ಸುಳ್ಳು ಹೇಳಿದ್ನಿ, ಖರೇ" ಎಂದಳು ಹೊಳಿಯವ್ವ. "ಅದು ಉಳೀಲಿ ಅಂತ ಹೇಳಿದ್ನಿ. ನೀ ಯಾಕ ಹೇಳಿದಿ?"

 ಕಲಿತವಳು ಎಂದು ಊರೆಲ್ಲ ಹೊಗಳುವ ಹೆಣ್ಣು, ಮುಳ್ಳಿನ ನಡುವೆ ನಿಂತು ಸೆರಗಿನಿಂದ ಮೂಗು ಒರೆಸಿಕೊಂಡಳು.

ಮೇಲೆ ತಲುಪಿದರು. ಇಳಿಜಾರಿನ ಮಗ್ಗಲನ್ನೇ ಕತ್ತರಿಸಿ ಒಯ್ದಿದ್ದರು. ಆಳೆತ್ತರದ ಕೆಂಪು ಗೋಡೆ, ಅದರ ಕೆಳಗೆ ಮಳೆನೀರು ನಿಂತ ಗುಂಡಿ, ಬುಡಮೇಲಾದ ಎರಡು ಕಗ್ಗಲಿ. ಎಲ್ಲ ಕಡೆಯೂ ಒಂದೇ ಮಣ್ಣು. ಗುಂಡಿಯ ಅಂಚಿನಲ್ಲಿ ಹಳೆಯ ಸ್ಪಂಜಿನಂತಹ ಬೂದು ತುಣುಕೊಂದು ಬಿದ್ದಿತ್ತು. ಗೆದ್ದಲು ಹುತ್ತದ ಹೊಟ್ಟೆಯೊಳಗೆ ಕಟ್ಟಿಕೊಳ್ಳುವ ಗೂಡು, ದೊಡ್ಡಣಬೆ ಮೊಳೆಯುವುದು ಅದರ ಮೇಲೆಯೇ. ಶೈಲಾ ಅದನ್ನು ಎತ್ತಿಕೊಂಡಳು. ಪುಸ್ತಕದಲ್ಲಿ ನೋಡಿದ್ದಳು, ಕೈಯಲ್ಲಿ ಹಿಡಿದದ್ದು ಇದೇ ಮೊದಲು. ನಾಲ್ಕಾರು ಗೆದ್ದಲು ದಿಕ್ಕು ತಪ್ಪಿ ಅವಳ ಅಂಗೈ ಮೇಲೆ ಓಡಾಡಿದವು.

"ಎಲ್ಲಿತ್ತು ಅವ್ವ?" ಎಂದು ಕೇಳಿದಳು. ನಿಜಕ್ಕೂ ಗೊತ್ತಾಗುತ್ತಿರಲಿಲ್ಲ.

ಹೊಳಿಯವ್ವ ಕೈ ಎತ್ತಿದಳು. ಗದ್ದ ಎತ್ತಲಿಲ್ಲ, ಗೆಣ್ಣು ಮಡಚಲಿಲ್ಲ. ತೋರುಬೆರಳನ್ನು ಪೂರ್ತಿ ನೆಟ್ಟಗೆ ಚಾಚಿ ಗುಂಡಿಯ ನಡುವಿನ ಕೆಂಪು ನೀರನ್ನು ತೋರಿಸಿದಳು.

"ಅಲ್ಲಿ."

ಶೈಲಾಳ ಕೈ ತಾನಾಗಿಯೇ ಮುಂದೆ ಹೋಯಿತು. ಐದು ವರ್ಷದವಳಿದ್ದಾಗಿನಿಂದ ಕೈಗೆ ಬಿದ್ದ ರೂಢಿ. ಅವ್ವನ ಬೆರಳನ್ನು ಹಿಡಿದು ಮಡಚಲು ನೋಡಿದಳು.

ಅವ್ವ ಬಿಡಿಸಿಕೊಂಡಳು.

"ಬಿಡು" ಎಂದಳು. "ಇನ್ನ ಅಲ್ಲಿ ಮುದುಡೂವಂಥಾದ್ದು ಏನೈತಿ?"